ಕಟ್ ಮಾಡಿದವರು ಯಾರು?

ಚುನಾವಣೆ ಕರಪತ್ರ ಕೈಗೆ ಬಂದಾಗ ಅದರ ಅಡಿಗಿರುವ ಸಣ್ಣ ಅಕ್ಷರ ಯಾರೂ ಓದುವುದಿಲ್ಲ. ಮುದ್ರಕರ ಹೆಸರು, ವಿಳಾಸ, ಪ್ರಕಾಶಕರ ಹೆಸರು, ಎಷ್ಟು ಪ್ರತಿ ಅಂತ ಒಂದು ಸಾಲು ಇರುತ್ತದೆ. ಅದನ್ನು ಹಾಕದೆ ಪ್ರೆಸ್‌ನವರು ಮಷಿನ್ ಚಾಲೂ ಮಾಡುವುದಿಲ್ಲ. ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು ಅಂತ 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ಹೆಸರಿಲ್ಲದೆ ಅಚ್ಚು ಹಾಕಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಅಚ್ಚಾದದ್ದರ ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಗೂ ಹೋಗಬೇಕು.

ನಾನು ಬೆಟಗೇರಿಯವನು. ಗದಗ-ಬೆಟಗೇರಿಗೆ ಮುದ್ರಣ ಕಾಶಿ ಅಂತ ಹೆಸರಿದೆ, ನಮ್ಮ ಮನೆಯವರೂ ಪ್ರೆಸ್ಸಿನ ಕೆಲಸದವರೇ. ಚುನಾವಣೆ ಬಂತು ಅಂದರೆ ಕರಪತ್ರ, ಪೋಸ್ಟರ್, ಮಾದರಿ ಮತಪತ್ರ ಅಂತ ಹಗಲು ರಾತ್ರಿ ಕೆಲಸ. ಎದುರಾಳಿಯನ್ನು ಬಾಯಿಗೆ ಬಂದಂತೆ ಬೈಯುವ ಕರಪತ್ರ ತಂದುಕೊಂಡು, ಹೆಸರು ಬೇಡ, ಡಬಲ್ ರೇಟ್ ಕೊಡ್ತೀವಿ ಅನ್ನೋರೂ ಬರುತ್ತಿದ್ದರು. ಕೆಲವರು ಮಾಡಿಕೊಡುತ್ತಿದ್ದರು, ಸುಳ್ಳು ಯಾಕೆ ಹೇಳಬೇಕು. ಆದರೆ ಅವರಿಗೆ ತಾವು ತಪ್ಪು ಮಾಡುತ್ತಿದ್ದೇವೆ ಅಂತ ಗೊತ್ತಿತ್ತು. ರಾತ್ರಿ ಅಚ್ಚು ಹಾಕಿ, ಬೆಳಗಾಗುವುದರೊಳಗೆ ಪ್ಲೇಟ್ ತೊಳೆದು ಇಡುತ್ತಿದ್ದರು.

ಈಗ ನಾನು ಹುಬ್ಬಳ್ಳಿಯಲ್ಲಿ ಡಿಟಿಪಿ, ಡಿಸೈನ್ ಕೆಲಸ ಮಾಡಿಕೊಂಡಿದ್ದೇನೆ. ಕರಪತ್ರದ ಆರ್ಡರ್ ಇನ್ನೂ ಬರುತ್ತದೆ, ಆದರೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುತ್ತಾರೆ, "ರೀಲ್ಸ್ ಮಾಡಿ ಕೊಡ್ತೀರೇನ್ರಿ?" ಆ ರೀಲ್ಸ್‌ನ ಅಡಿಗೆ ಯಾರ ಹೆಸರೂ ಇರುವುದಿಲ್ಲ. ಯಾರು ತೆಗೆದರು, ಯಾರು ಕಟ್ ಮಾಡಿದರು, ಯಾರು ದುಡ್ಡು ಕೊಟ್ಟರು, ಯಾವುದೂ ಇಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ. ವಿಡಿಯೋದಿಂದ ರಾಜಕೀಯ ಕೆಟ್ಟಿತು ಅಂತ ಬರೆಯೋರು ಬಹಳ ಮಂದಿ ಇದ್ದಾರೆ, ನನಗೆ ಆ ಗೋಳು ಬೇಡ. ನನ್ನ ತಕರಾರು ಇಷ್ಟೇ. ಒಂದು ತಾಸಿನ ಭಾಷಣದಲ್ಲಿ ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವವರು ಇವತ್ತು ಚುನಾವಣೆಯಲ್ಲಿ ಅಭ್ಯರ್ಥಿಗಿಂತ ದೊಡ್ಡವರು. ಅವರ ಹೆಸರೇ ನಮಗೆ ಗೊತ್ತಿಲ್ಲ.

ನನಗೆ ಅಂಥವರಲ್ಲಿ ಒಬ್ಬ ಗೊತ್ತು. ನಮ್ಮ ಅಕ್ಕನ ಮಗ. ಹಾವೇರಿ ಕಡೆ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ, ಸೀಮಂತ, ಜವಳ, ಗೃಹಪ್ರವೇಶ, ಇದು ಅವನ ಕೆಲಸ. ಏಪ್ರಿಲ್-ಮೇನಲ್ಲಿ ಮದುವೆ ಸೀಸನ್, ಚುನಾವಣೆಯೂ ಆವಾಗಲೇ ಬಂದು ಕೂರುತ್ತದೆ. ಎರಡಕ್ಕೂ ಅದೇ ಕ್ಯಾಮೆರಾ, ಅದೇ ಡ್ರೋನ್, ಅದೇ ಹುಡುಗರು. 2024ರ ನವೆಂಬರಿನಲ್ಲಿ ಶಿಗ್ಗಾವಿ ಉಪಚುನಾವಣೆ ಬಂತಲ್ಲ, ಆವಾಗ ಸುತ್ತಲಿನ ಸ್ಟುಡಿಯೋದವರ ಕೈ ಖಾಲಿ ಇರಲಿಲ್ಲ. ಒಂದು ಕಡೆ ಮಾಜಿ ಮುಖ್ಯಮಂತ್ರಿಯ ಮಗ ಭರತ್ ಬೊಮ್ಮಾಯಿ, ಇನ್ನೊಂದು ಕಡೆ ಕೊನೆಗೆ ಗೆದ್ದ ಯಾಸಿರ್ ಖಾನ್ ಪಠಾಣ್. ಬೆಂಗಳೂರಿನಿಂದ ಮಂತ್ರಿಗಳ ದಂಡು ಬಂದಿಳಿದ ಮೇಲೆ ಕೇಳಬೇಕೆ.

ಕೆಲಸ ಹೇಗೆ ಮಾಡ್ತೀಯೋ ಅಂತ ಕೇಳಿದೆ. "ಏನಿಲ್ಲ ಮಾಮಾ, ಚಪ್ಪಾಳಿ ಎಲ್ಲಿ ಬಿತ್ತು ನೋಡ್ತೀನಿ. ಅದರ ಹಿಂದಿನ ಇಪ್ಪತ್ತು ಸೆಕೆಂಡ್ ತಗೀತೀನಿ. ಮುಗೀತು" ಅಂದ. ಭಾಷಣದಲ್ಲಿ ಏನು ಹೇಳಿದರು ಅಂತ ಅವನು ಕೇಳಿಸಿಕೊಳ್ಳುವುದೇ ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಧ್ವನಿಯ ಗೆರೆ ಎದ್ದು ಕಾಣುವ ಜಾಗ ಹುಡುಕುತ್ತಾನೆ. ಅದು ಚಪ್ಪಾಳೆ, ಇಲ್ಲಾ ಶಿಳ್ಳೆ. ಅಲ್ಲಿಂದ ಹಿಂದಕ್ಕೆ ಹೋಗಿ ಕಟ್. ಮೇಲೆ ಒಂದು ಮ್ಯೂಸಿಕ್, ಕೆಳಗೆ ದೊಡ್ಡ ಅಕ್ಷರದಲ್ಲಿ ಆ ಮಾತು. ನಾಯಕರು ವೇದಿಕೆ ಇಳಿದು ಕಾರು ಹತ್ತುವುದರೊಳಗೆ ವಿಡಿಯೋ ಬೂತ್ ಮಟ್ಟದ ಗ್ರೂಪಿಗೆ ಹೋಗಿರಬೇಕು. ತಡವಾದರೆ ಫೋನ್ ಮೇಲೆ ಫೋನ್.

ಉದ್ದ ಎಷ್ಟಿರಬೇಕು ಅನ್ನೋದನ್ನೂ ಅವನು ನಿರ್ಧರಿಸುವುದಿಲ್ಲ, ಪಕ್ಷದವರೂ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸಿದ್ದು ವಾಟ್ಸ್‌ಆ್ಯಪ್ ಸ್ಟೇಟಸ್. ಬಹಳ ವರ್ಷ ಅದರ ಮಿತಿ 30 ಸೆಕೆಂಡ್ ಇತ್ತು, 2024ರಲ್ಲಿ ಒಂದು ನಿಮಿಷ ಮಾಡಿದರು. ನಮ್ಮ ಕಡೆ ಹಳ್ಳಿಯಲ್ಲಿ ಫೇಸ್‌ಬುಕ್ ಇಲ್ಲದವರು ಸಿಗುತ್ತಾರೆ, ಯೂಟ್ಯೂಬಿನಲ್ಲಿ ಬರೀ ಭಜನೆ ನೋಡೋರು ಸಿಗುತ್ತಾರೆ, ಆದರೆ ಸ್ಟೇಟಸ್ ಇಡದವರು ಸಿಗುವುದು ಕಷ್ಟ. ಯಾರು ಯಾರ ಕಡೆ ಅನ್ನೋದು ಊರಿಗೆಲ್ಲ ಗೊತ್ತಾಗೋದು ಅದರಿಂದಲೇ. ಹಾಗಾಗಿ ಶಿಗ್ಗಾವಿ, ಸವಣೂರು, ಬ್ಯಾಡಗಿಯ ಚುನಾವಣೆ ಮಾತು ಎಷ್ಟು ಉದ್ದ ಇರಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ ಕುಂತ ಯಾರೋ ಇಂಜಿನಿಯರ್ ತೀರ್ಮಾನ ಮಾಡಿದ್ದಾನೆ. ಅವನಿಗೆ ಬ್ಯಾಡಗಿ ಮೆಣಸಿನಕಾಯಿ ಕೂಡ ಗೊತ್ತಿರಲಿಕ್ಕಿಲ್ಲ.

ಇದು ಮಾತನಾಡುವವರಿಗೂ ತಿಳಿದಿದೆ. ಈಗಿನ ಭಾಷಣ ಗಮನಿಸಿ ನೋಡಿ. ಮೊದಲು ಒಂದು ಮಾತು ಹೇಳುತ್ತಾರೆ. ಆಮೇಲೆ ಸುಮ್ನೆ ನಿಲ್ಲುತ್ತಾರೆ. ಎದುರಿನ ಮಂದಿಯ ಕಡೆ ಅಲ್ಲ, ವೇದಿಕೆ ಮುಂದೆ ಫೋನ್ ಎತ್ತಿ ಹಿಡಿದ ಹುಡುಗರ ಕಡೆ ನೋಡುತ್ತಾರೆ. ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ಏರುದನಿಯಲ್ಲಿ ಹೇಳುತ್ತಾರೆ. ಕಟ್ ಮಾಡುವವನಿಗೆ ಅನುಕೂಲ ಆಗಲಿ ಅಂತಲೇ ಹಾಗೆ. ನೆಹರೂ ಮೈದಾನದಲ್ಲೋ ಕಲಾಭವನ ಮೈದಾನದಲ್ಲೋ ಬಿಸಿಲಲ್ಲಿ ಕುಳಿತ ಸಾವಿರಾರು ಜನ ಆಗ ಬರೀ ಹಿನ್ನೆಲೆ. ಅವರಲ್ಲಿ ಒಬ್ಬ ಎದ್ದು ನಿಂತು "ನೀರು ಯಾವಾಗ ಕೊಡ್ತೀರ್ರೀ" ಅಂತ ಕೂಗಿದರೂ ಆ ತುಂಡು ಹೊರಗೆ ಬರುವುದಿಲ್ಲ. ಬಂದರೂ ಎದುರು ಪಕ್ಷದವರ ಗ್ರೂಪಿನಲ್ಲಿ ಬರುತ್ತದೆ, ಅಲ್ಲಿಯೂ ಅವನು ಕೂಗಿದ್ದು ಮಾತ್ರ ಇರುತ್ತದೆ, ಇವರು ಕೊಟ್ಟ ಉತ್ತರ ಇರುವುದಿಲ್ಲ.

ಶುರುವಿನಲ್ಲಿ ಎಲ್ಲರೂ ಇದಕ್ಕೆ ಉಲ್ಟಾ ಆಗುತ್ತದೆ ಅಂದುಕೊಂಡಿದ್ದರು. 2006ರ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸೆನೆಟರ್ ಜಾರ್ಜ್ ಅಲೆನ್ ಒಂದು ಸಭೆಯಲ್ಲಿ ಮಾತನಾಡುತ್ತಿದ್ದರು. ಎದುರಾಳಿ ಜಿಮ್ ವೆಬ್ ಕಡೆಯ ಒಬ್ಬ ಹುಡುಗ, ಭಾರತೀಯ ಮೂಲದವನು, ಕ್ಯಾಮೆರಾ ಹಿಡಿದು ನಿಂತಿದ್ದ. ಅಲೆನ್ ಅವನ ಕಡೆ ಬೆರಳು ಮಾಡಿ "ಮಕಾಕಾ" ಅಂತ ಕರೆದರು, ಅದು ಒಂದು ಜಾತಿ ಮಂಗನಿಗೆ ಹತ್ತಿರದ ಹೆಸರು. ವಿಡಿಯೋ ಯೂಟ್ಯೂಬಿಗೆ ಬಂತು. ಯೂಟ್ಯೂಬ್ ಆಗ ಒಂದೂವರೆ ವರ್ಷದ ಕೂಸು, ಗೂಗಲ್ ಇನ್ನೂ ಅದನ್ನು ಕೊಂಡಿರಲಿಲ್ಲ. ಗೆಲ್ಲೋದು ಖಾತ್ರಿ ಅಂತಿದ್ದ ಅಲೆನ್ ಹತ್ತು ಸಾವಿರಕ್ಕೂ ಕಡಿಮೆ ಮತದಿಂದ ಸೋತರು. ಒಬ್ಬ ಹುಡುಗ, ಒಂದು ಸಣ್ಣ ಕ್ಯಾಮೆರಾ, ಸೆನೆಟರ್ ಮನೆಗೆ. ಜನರ ಕೈಗೆ ಶಕ್ತಿ ಬಂತು ಅಂತ ಎಲ್ಲ ಕಡೆ ಬರೆದರು. ಆ ಹುಡುಗ ಯಾರು, ಯಾರ ಪರವಾಗಿ ಬಂದಿದ್ದ ಅನ್ನೋದು ಮೊದಲಿನಿಂದ ಎಲ್ಲರಿಗೂ ಗೊತ್ತಿತ್ತು ಅನ್ನೋದನ್ನು ಮಾತ್ರ ಯಾರೂ ದೊಡ್ಡದು ಮಾಡಲಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಮರುವರ್ಷ, 2007ರ ಜುಲೈನಲ್ಲಿ, ಸಿಎನ್‌ಎನ್ ಮತ್ತು ಯೂಟ್ಯೂಬ್ ಸೇರಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಆಕಾಂಕ್ಷಿಗಳ ಚರ್ಚೆ ನಡೆಸಿದವು. ಪ್ರಶ್ನೆ ಕೇಳುವುದು ಪತ್ರಕರ್ತರಲ್ಲ, ಜನ. ಮನೆಯಲ್ಲೇ ವಿಡಿಯೋ ಮಾಡಿ ಕಳಿಸಬೇಕು. ಹವಾಮಾನ ಬಿಸಿಯಾಗುತ್ತಿರುವ ಬಗ್ಗೆ ಒಂದು ಹಿಮದ ಬೊಂಬೆಯೇ ಪ್ರಶ್ನೆ ಕೇಳಿತು, ಅದು ಬಹಳ ಸುದ್ದಿಯಾಯಿತು. ಆದರೆ ಸುಮಾರು 3,000 ವಿಡಿಯೋ ಬಂದಿದ್ದವು, ತೋರಿಸಿದ್ದು ನಲವತ್ತರ ಆಸುಪಾಸು. ಆರಿಸಿದ್ದು ಯಾರು? ಸಿಎನ್‌ಎನ್‌ನವರು. ಹಿಮದ ಬೊಂಬೆಯನ್ನು ಆರಿಸಿದವರೂ ಅವರೇ.

ಹುಬ್ಬಳ್ಳಿಯಲ್ಲೇ ಆದ ಒಂದು ಸಂಗತಿ ಹೇಳುತ್ತೇನೆ, ಇದು ನನ್ನ ತಲೆಯಿಂದ ಹೋಗುವುದಿಲ್ಲ. 2023ರ ಮೇ 6. ವಿಧಾನಸಭೆ ಚುನಾವಣೆಗೆ ನಾಲ್ಕು ದಿನ ಬಾಕಿ. ಜಗದೀಶ ಶೆಟ್ಟರ್ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಬಂದು ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ನಿಂತಿದ್ದರು. ಸೋನಿಯಾ ಗಾಂಧಿ ಹುಬ್ಬಳ್ಳಿಗೆ ಬಂದು ಮಾತನಾಡಿದರು. ಆ ಭಾಷಣದ ಬಗ್ಗೆ ಕಾಂಗ್ರೆಸ್‌ನ ಅಧಿಕೃತ ಟ್ವಿಟರ್ ಖಾತೆ ಒಂದು ಸಾಲು ಹಾಕಿತು, ಅದರಲ್ಲಿ ಕರ್ನಾಟಕದ "ಸಾರ್ವಭೌಮತೆ" ಅನ್ನೋ ಪದ ಇತ್ತು. ಶುರುವಾಯಿತು ನೋಡಿ. ರಾಜ್ಯಕ್ಕೆಲ್ಲಿಯ ಸಾರ್ವಭೌಮತೆ, ಇದು ದೇಶ ಒಡೆಯುವ ಮಾತು ಅಂತ ಬಿಜೆಪಿ ಹಿಡಿದುಕೊಂಡಿತು. ಪ್ರಧಾನಿ ತಮ್ಮ ಸಭೆಯಲ್ಲೇ ಅದನ್ನು ಎತ್ತಿದರು. ಚುನಾವಣಾ ಆಯೋಗಕ್ಕೆ ದೂರು ಹೋಯಿತು, ಆಯೋಗ ಕಾಂಗ್ರೆಸ್ ಅಧ್ಯಕ್ಷ ಖರ್ಗೆಯವರಿಂದ ವಿವರಣೆ ಕೇಳಿತು.

ಪೂರ್ತಿ ಭಾಷಣ ಯೂಟ್ಯೂಬಿನಲ್ಲೇ ಇತ್ತು, ದುಡ್ಡಿಲ್ಲದೆ, ಯಾರು ಬೇಕಾದರೂ ನೋಡಬಹುದಿತ್ತು. ನೋಡಿದವರು ಹೇಳಿದರು, ಅವರು ಆ ಪದ ಬಳಸಿಯೇ ಇಲ್ಲ ಅಂತ. ಅಂದರೆ ಅವರ ಪಕ್ಷದ ಖಾತೆಯೇ ಅವರ ಬಾಯಿಗೆ ಆ ಪದ ಹಾಕಿತ್ತು, ಎದುರು ಪಕ್ಷ ಅದನ್ನೇ ಹಿಡಿದು ಜಗ್ಗಿತು. ಆ ಸಾಲು ಬರೆದದ್ದು ಯಾರು? ಪಕ್ಷದ ಯಾವುದೋ ಕೋಣೆಯಲ್ಲಿ ಕುಳಿತ ಯಾವುದೋ ಹುಡುಗನೋ ಹುಡುಗಿಯೋ. ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತಾ ಜನ ಇದರ ಬಗ್ಗೆ ಜಗಳಾಡೋದನ್ನು ನಾನೇ ಕೇಳಿದ್ದೇನೆ. ಸಭೆ ನಡೆದದ್ದು ನಮ್ಮೂರಲ್ಲೇ, ಆ ಸಭೆಗೆ ಹೋಗಿ ಬಂದವರೂ ಆ ಜಗಳದಲ್ಲಿದ್ದರು. ಹೋಗಿ ಬಂದವರೇ ತಾವು ಕೇಳಿದ್ದನ್ನು ಬಿಟ್ಟು ಫೋನಿನಲ್ಲಿ ಬಂದದ್ದನ್ನು ನಂಬಿ ವಾದ ಮಾಡುತ್ತಿದ್ದರು! ಇದಕ್ಕೆ ಏನು ಹೇಳಬೇಕು ಗೊತ್ತಾಗುವುದಿಲ್ಲ.

ಈಗ ಎಲ್ಲರೂ ಡೀಪ್‌ಫೇಕ್ ಅಂತ ಹೆದರುತ್ತಾರೆ. ಹೆದರಬೇಕು, ಇಲ್ಲ ಅನ್ನುವುದಿಲ್ಲ. 2020ರ ದೆಹಲಿ ಚುನಾವಣೆಯಲ್ಲೇ ಬಿಜೆಪಿಯ ಮನೋಜ್ ತಿವಾರಿಯವರು ಹರಿಯಾಣ್ವಿಯಲ್ಲಿ ಮಾತನಾಡುವಂತೆ ಯಂತ್ರದಿಂದ ಮಾಡಿದ ವಿಡಿಯೋ ಅವರ ಪಕ್ಷದವರೇ ಹಂಚಿದ್ದರು. ಆದರೆ ನಮ್ಮ ಕಡೆ ಕೆಲಸ ಮಾಡುವುದು ಅದಲ್ಲ. ಇಪ್ಪತ್ತು ಸೆಕೆಂಡಿನ ನಿಜವಾದ ತುಂಡು ಸಾಕು. 2024ರ ಲೋಕಸಭೆ ಚುನಾವಣೆಯಲ್ಲಿ ಅಮಿತ್ ಶಾ ಮೀಸಲಾತಿ ತೆಗೆಯುತ್ತೇವೆ ಅಂದರು ಅನ್ನುವ ವಿಡಿಯೋ ಹರಿದಾಡಿತಲ್ಲ, ಅದರಲ್ಲಿ ಮುಖ ಅವರದ್ದೇ, ಧ್ವನಿ ಅವರದ್ದೇ. 2023ರಲ್ಲಿ ತೆಲಂಗಾಣದಲ್ಲಿ ಮುಸ್ಲಿಂ ಮೀಸಲಾತಿ ಬಗ್ಗೆ ಆಡಿದ ಮಾತನ್ನು ಅಲ್ಲಿ ಇಲ್ಲಿ ಕತ್ತರಿಸಿ ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿಗೆ ಅಂಟಿಸಿದ್ದರು. ದೆಹಲಿ ಪೊಲೀಸರು ಕೇಸ್ ಹಾಕಿದರು, ಬೇರೆ ರಾಜ್ಯಗಳ ಪೊಲೀಸರೂ ಜನರನ್ನು ಹಿಡಿದರು. ಅದಕ್ಕೆ ಕೃತಕ ಬುದ್ಧಿಮತ್ತೆ ಬೇಕಾಗಿರಲಿಲ್ಲ. ನಮ್ಮ ಅಳಿಯನ ಸ್ಟುಡಿಯೋದಲ್ಲಿ ಚಹಾ ಬರುವುದರೊಳಗೆ ಆಗುವ ಕೆಲಸ ಅದು.

ಆಯೋಗ ಸುಮ್ಮನೆ ಕೂತಿಲ್ಲ. 2013ರಲ್ಲೇ ಸೋಷಿಯಲ್ ಮೀಡಿಯಾ ಬಗ್ಗೆ ಸೂಚನೆ ಹೊರಡಿಸಿತು. ಅಭ್ಯರ್ಥಿ ತನ್ನ ಖಾತೆಗಳ ವಿವರ ಅಫಿಡವಿಟ್‌ನಲ್ಲಿ ಕೊಡಬೇಕು, ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು, ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕು. ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಎಲ್ಲ ಸರಿ. ಆದರೆ ಅದೇ ಸೂಚನೆಯಲ್ಲಿ ಒಂದು ಕಿಂಡಿ ಇದೆ. ಯಾರಾದರೂ ತಮ್ಮ ಸ್ವಂತ ಖಾತೆಯಲ್ಲಿ ಹಾಕುವ ವಿಡಿಯೋ, ಫೋಟೋ, ಬರಹ ಜಾಹೀರಾತು ಅಲ್ಲ, ಅದಕ್ಕೆ ಅನುಮತಿ ಬೇಡ. ಅದು ಇರಲೇಬೇಕು, ಇಲ್ಲದಿದ್ದರೆ ನಾನು ಇದನ್ನು ಬರೆಯಲಿಕ್ಕೂ ಜಿಲ್ಲಾಧಿಕಾರಿ ಆಫೀಸಿಗೆ ಅಲೆಯಬೇಕಾದೀತು. ಆದರೆ ಆ ಕಿಂಡಿಯಲ್ಲಿ ಏನೇನು ನುಗ್ಗುತ್ತದೆ ನೋಡಿ. "ಅಭಿಮಾನಿ ಬಳಗ", "ಬಾಸ್ ಫ್ಯಾನ್ಸ್", "ನಮ್ಮ ಸಾಹೇಬ್ರು". ದುಡ್ಡು ಕೊಟ್ಟು ಓಡಿಸಿದ ಜಾಹೀರಾತು ಗೂಗಲ್, ಮೆಟಾ (ಫೇಸ್‌ಬುಕ್ ಕಂಪನಿ) ಇಡುವ ಪಟ್ಟಿಯಲ್ಲಿ ಸಿಗುತ್ತದೆ, ಯಾರು ಕೊಟ್ಟರು, ಎಷ್ಟು ಕೊಟ್ಟರು ಅಂತ ಒಂದಷ್ಟು ಗೊತ್ತಾಗುತ್ತದೆ. ಸ್ಟುಡಿಯೋ ಹುಡುಗನಿಗೆ ಕೈಗೆ ಕೊಟ್ಟ ದುಡ್ಡು, ಫ್ಯಾನ್ ಪೇಜ್ ನಡೆಸುವವನಿಗೆ ಹಾಕಿಸಿಕೊಟ್ಟ ರೀಚಾರ್ಜು ಯಾವ ಪಟ್ಟಿಯಲ್ಲಿ ಸಿಗಬೇಕು?

ಇನ್ನು ವೇಗದ ಮಾತು. 2024ರ ಮೇ 7ರಂದು ಧಾರವಾಡ, ಹಾವೇರಿ ಸೇರಿ ಉತ್ತರದ 14 ಕ್ಷೇತ್ರಗಳಲ್ಲಿ ಮತದಾನ ಇತ್ತು. ಹಿಂದಿನ ದಿನ, ಮೇ 6ಕ್ಕೆ, ಸುಳ್ಳು ವಿಡಿಯೋ ಗಮನಕ್ಕೆ ಬಂದ ಮೂರು ತಾಸಿನೊಳಗೆ ತೆಗೆಯಬೇಕು ಅಂತ ಆಯೋಗ ಪಕ್ಷಗಳಿಗೆ ಹೇಳಿತು. ಅದೇ ಹೊತ್ತಿಗೆ ಕರ್ನಾಟಕ ಬಿಜೆಪಿ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಹಾಕಿದ್ದ ಮೀಸಲಾತಿಯ ಕಾರ್ಟೂನ್ ವಿಡಿಯೋ ಒಂದು ಓಡುತ್ತಿತ್ತು. ರಾಹುಲ್ ಗಾಂಧಿ, ಸಿದ್ದರಾಮಯ್ಯ ಸೇರಿ ಮುಸ್ಲಿಮರಿಗೆ ಮಾತ್ರ ಉಣಿಸುತ್ತಾರೆ ಅನ್ನುವ ಅರ್ಥದ್ದು. ಅದನ್ನು ಕೂಡಲೇ ತೆಗೆಯಿರಿ ಅಂತ ಆಯೋಗ ಎಕ್ಸ್‌ಗೆ ಬರೆದದ್ದು ಯಾವತ್ತು? ಮೇ 7ಕ್ಕೆ. ನಾವೆಲ್ಲ ಬಿಸಿಲಲ್ಲಿ ಪಾಳಿ ಹಚ್ಚಿ ನಿಂತ ದಿನ. ವಿಡಿಯೋ ಬಂದು ಅಷ್ಟೊತ್ತಿಗೆ ಮೂರು ದಿನ ಆಗಿತ್ತು. ನೋಡಬೇಕಾದವರೆಲ್ಲ ನೋಡಿ ಆಗಿತ್ತು, ಸ್ಟೇಟಸ್‌ಗೆ ಇಟ್ಟು ಅದು ತಾನಾಗಿಯೇ ಮಾಯವೂ ಆಗಿತ್ತು.

ವಿಡಿಯೋ ಇದ್ದರೆ ಮನುಷ್ಯನೇ ಬೇಡ ಅನ್ನೋದಕ್ಕೂ ನಮ್ಮ ಧಾರವಾಡದಲ್ಲೇ ಉದಾಹರಣೆ ಇದೆ. 2023ರಲ್ಲಿ ಧಾರವಾಡ ಕ್ಷೇತ್ರದಿಂದ ನಿಂತ ವಿನಯ ಕುಲಕರ್ಣಿ, ಕೊಲೆ ಪ್ರಕರಣವೊಂದರ ಜಾಮೀನಿನ ಷರತ್ತಿನಿಂದಾಗಿ ಜಿಲ್ಲೆಯೊಳಗೆ ಕಾಲಿಡುವ ಹಾಗಿರಲಿಲ್ಲ. ಪತ್ನಿ ಶಿವಲೀಲಾ ಊರೂರು ತಿರುಗಿದರು, ವಿನಯ ಅವರು ಹೊರಗಿದ್ದುಕೊಂಡು ವಿಡಿಯೋದಲ್ಲಿ ಮಾತನಾಡಿದರು. ಗೆದ್ದರು. ಅದು ವಿಡಿಯೋದ ಗೆಲುವು ಅಂತ ನಾನು ಹೇಳಲಾರೆ. ಹಳೆಯ ಸಂಬಂಧ, ಪಕ್ಷದ ಗಾಳಿ, ಹೆಂಡತಿಯ ಓಡಾಟ ಎಲ್ಲ ಇತ್ತು. ಆದರೆ ಹಳ್ಳಿಯ ಕಟ್ಟೆ ಮೇಲೆ ಹಾಕಿದ ಪರದೆಯ ಮುಂದೆ ನಿಂತು ಯಾರೂ ಅದಕ್ಕೆ ಪ್ರಶ್ನೆ ಕೇಳಲಾರರು, ಅಲ್ವಾ? ಬಂದಿದ್ದರೆ ಕೇಳುತ್ತಿದ್ದರು. ನಮ್ಮ ಕಡೆ ಮಂದಿ ಎದುರಿಗೆ ಸಿಕ್ಕರೆ ಬಿಡುವುದಿಲ್ಲ.

ಚರ್ಚೆಗೆ ಆದ ಹಾನಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಮಹದಾಯಿ ವಿಷಯದಲ್ಲಿ, ಅಂದರೆ ಗೋವಾ ಜೊತೆಗಿನ ಆ ನದಿ ನೀರಿನ ಜಗಳದಲ್ಲಿ. ನರಗುಂದ, ನವಲಗುಂದದವರಿಗೆ ಇದು ಸಾವು ಬದುಕಿನ ಪ್ರಶ್ನೆ. 1980ರ ಜುಲೈ 21ಕ್ಕೆ ಅಲ್ಲಿ ರೈತರ ಮೇಲೆ ಗುಂಡು ಹಾರಿದ ನೆನಪು ಇನ್ನೂ ಹಸಿಯಾಗಿದೆ. ಪ್ರತಿ ವರ್ಷ ಆ ದಿನ ನಾಯಕರು ಬಂದು ಹುತಾತ್ಮ ರೈತರ ವೀರಗಲ್ಲಿಗೆ ಮಾಲೆ ಹಾಕುತ್ತಾರೆ, ಸುತ್ತಲೂ ಫೋನ್ ಎತ್ತಿದ ಕೈಗಳು. 2015ರಿಂದ ನರಗುಂದದಲ್ಲಿ ಧರಣಿ ಕೂತವರೂ ಇದ್ದಾರೆ. ಇಷ್ಟು ಜನ ಇಷ್ಟು ವರ್ಷ ಬಾಯಿ ಬಡಿದುಕೊಂಡ ವಿಷಯದ ಮೇಲೆ ನೂರಾರು ವಿಡಿಯೋ ಇವೆ. ಅವುಗಳನ್ನು ನೋಡಿ ಯಾರಿಗಾದರೂ ನಿಜವಾಗಿ ಎಷ್ಟು ನೀರು ಬರುತ್ತದೆ ಅಂತ ಗೊತ್ತಾಗುತ್ತದಾ?

ಲೆಕ್ಕ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಅದರಲ್ಲಿ ಸುಮಾರು 8 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಕಳಸಾ ಮತ್ತು ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 1.72 ಮತ್ತು 2.18, ಎರಡೂ ಸೇರಿ 3.9 ಟಿಎಂಸಿ. ಅದೂ ಮುಖ್ಯವಾಗಿ ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಊರುಗಳ ಕುಡಿಯುವ ನೀರಿಗೆ. 2020ರ ಫೆಬ್ರುವರಿಯಲ್ಲಿ ಗೆಜೆಟ್ ಅಧಿಸೂಚನೆ ಆಯಿತು. 2022ರ ಡಿಸೆಂಬರಿನಲ್ಲಿ, ಅಂದರೆ ವಿಧಾನಸಭೆ ಚುನಾವಣೆಗೆ ಕೆಲವು ತಿಂಗಳು ಇರುವಾಗ, ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಆಮೇಲೂ ಅರಣ್ಯ, ವನ್ಯಜೀವಿ ಅನುಮತಿ ಬೇಕಿತ್ತು. ಗೋವಾದ ತಕರಾರು ಸುಪ್ರೀಂ ಕೋರ್ಟಿನಲ್ಲಿತ್ತು.

ಈ ಸಂಗತಿಯಿಂದ ಎರಡು ತುಂಡು ತೆಗೆಯಬಹುದು. ಒಂದು, "13.42 ಟಿಎಂಸಿ ತಂದ್ವಿ, ಒಪ್ಪಿಗಿ ಕೊಡಿಸಿದ್ವಿ". ಇನ್ನೊಂದು, "ಇಷ್ಟು ವರ್ಷ ಆದ್ರೂ ಒಂದು ಹನಿ ನೀರು ಬಂದಿಲ್ಲ". ಎರಡೂ ಸುಳ್ಳಲ್ಲ. ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ನಮ್ಮ ಅಳಿಯ ಎರಡನ್ನೂ ಕಟ್ ಮಾಡಿ ಕೊಟ್ಟಿದ್ದಾನೆ, ಬೇರೆ ಬೇರೆ ಪಕ್ಷಕ್ಕೆ, ಒಂದೇ ವಾರದಲ್ಲಿ. ನಡುವಿನ 3.9 ಅನ್ನೋ ಸಂಖ್ಯೆ ಮಾತ್ರ ಯಾವ ವಿಡಿಯೋದಲ್ಲೂ ಇಲ್ಲ, ಯಾಕೆಂದರೆ ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಆ ಸಂಖ್ಯೆ ಹೇಳಿದ ಕೂಡಲೇ ಜನ ಮುಂದಿನ ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಹೊಲಕ್ಕೆಷ್ಟು, ನಳಕ್ಕೆಷ್ಟು? ನರಗುಂದದ ರೈತ ಧರಣಿ ಕೂತದ್ದು ಹುಬ್ಬಳ್ಳಿಯ ನಳಕ್ಕಾ? ಅಸಲು ಚರ್ಚೆ ಶುರುವಾಗಬೇಕಾದದ್ದು ಅಲ್ಲಿಂದ. ಅಲ್ಲಿಗೇ ಕಟ್ ಆಗುತ್ತದೆ.

ಜನರಿಗೆ ಉದ್ದದ್ದು ನೋಡುವ ತಾಳ್ಮೆ ಇಲ್ಲ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಯಾರು ಹೇಳಿದ್ದು? ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹೋಗಿ ವರ್ಷಗಳಾದವು, ಅವರ ಪ್ರವಚನ ಇವತ್ತಿಗೂ ನಮ್ಮ ಕಡೆ ಮನೆಮನೆಯಲ್ಲಿ ಬೆಳಗಿನ ಜಾವ ಫೋನಿನಲ್ಲಿ ನಡೆಯುತ್ತದೆ, ತಾಸುಗಟ್ಟಲೆ, ನಡುವೆ ಯಾರೂ ಮುಂದಕ್ಕೆ ಓಡಿಸುವುದಿಲ್ಲ. ರಾತ್ರಿ ಪೂರ್ತಿ ದೊಡ್ಡಾಟ ನೋಡಿದ ಮಂದಿ ನಾವು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಪಿಎಸ್‌ಸಿ, ಯುಪಿಎಸ್‌ಸಿ ಓದುವ ಹುಡುಗರನ್ನು ಕೇಳಿ, ಬಜೆಟ್ ಮೇಲೆ ಎರಡು ತಾಸಿನ ವಿಡಿಯೋ ನೋಡಿ ನೋಟ್ಸ್ ಮಾಡಿರುತ್ತಾರೆ. 2008ರಲ್ಲಿ ಅಮೆರಿಕದ ಅಧ್ಯಕ್ಷ ಆಗಲು ಹೊರಟಿದ್ದ ಒಬಾಮಾ ಅವರ ಚರ್ಚಿನ ಪಾದ್ರಿಯ ಒಂದು ತುಂಡು ವಿಡಿಯೋ ಗದ್ದಲ ಎಬ್ಬಿಸಿದಾಗ ಒಬಾಮಾ ವರ್ಣಭೇದದ ಬಗ್ಗೆ 37 ನಿಮಿಷ ಮಾತನಾಡಿದರು, ಅದನ್ನು ಲಕ್ಷಾಂತರ ಜನ ಯೂಟ್ಯೂಬಿನಲ್ಲಿ ಪೂರ್ತಿಯಾಗಿ ಹಾಕಿಕೊಂಡು ನೋಡಿದರು. ತುಂಡಿಗೆ ಉತ್ತರ ಇಡೀ ಭಾಷಣ ಆಯಿತು. ನಮ್ಮಲ್ಲಿ ತುಂಡಿಗೆ ಉತ್ತರ ಇನ್ನೊಂದು ತುಂಡು.

ಇನ್ನು ಮೈಕ್ ಹಿಡಿದು ಬರುವ ಯೂಟ್ಯೂಬ್ ಚಾನೆಲ್‌ಗಳ ಹುಡುಗರು. ಚುನಾವಣೆ ಬಂತೆಂದರೆ ಚೆನ್ನಮ್ಮ ಸರ್ಕಲ್ಲು, ಗದಗಿನ ಹಳೇ ಬಸ್‌ಸ್ಟ್ಯಾಂಡು, ರಾಣೆಬೆನ್ನೂರು ಸಂತೆ, ಎಲ್ಲ ಕಡೆ ಇವರೇ. ಕೇಳುವ ಪ್ರಶ್ನೆ ಒಂದೇ, "ಈ ಸಲ ಯಾರು ಗೆಲ್ತಾರ್ರೀ?" ನಿಮ್ಮ ಓಣಿಯಲ್ಲಿ ಏನಾಗಬೇಕು ಅಂತ ಕೇಳಿದ್ದನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ಜೋರಾಗಿ ಬೈದ ಅಜ್ಜ, ಡೈಲಾಗ್ ಹೊಡೆದ ಕಾಯಿಪಲ್ಲೆ ಅವ್ವ, ಅವರು ಮಾತ್ರ ಹೊರಗೆ ಬರುತ್ತಾರೆ. ಮೆಲ್ಲಗೆ, ಯೋಚನೆ ಮಾಡಿ ಮಾತನಾಡಿದವರು ಅಲ್ಲೇ ಉಳಿದರು. ಆ ಹುಡುಗರನ್ನು ಬೈಯಲು ಮನಸ್ಸು ಬರುವುದಿಲ್ಲ, ಯೂಟ್ಯೂಬಿನ ದುಡ್ಡು ನೋಟದ ಲೆಕ್ಕದಲ್ಲಿ ಬರುತ್ತದೆ, ಹೊಟ್ಟೆ ಎಲ್ಲರಿಗೂ ಇದೆ. ಅಂದಹಾಗೆ, ಅವರಲ್ಲಿ ಬಹಳ ಜನ ತಮ್ಮ ಮುಖ, ತಮ್ಮ ಹೆಸರು ತೋರಿಸಿಯೇ ಮಾತನಾಡುತ್ತಾರೆ. ಅಷ್ಟರ ಮಟ್ಟಿಗೆ ಅವರು ಪಕ್ಷದ ವಾರ್ ರೂಮಿಗಿಂತ ಮೇಲು.

ಕಟ್ ಮಾಡಿದ ವಿಡಿಯೋ ನಂಬಬಾರದು ಅಂತ ಚುನಾವಣಾ ಆಯೋಗಕ್ಕೂ ಚೆನ್ನಾಗಿ ಗೊತ್ತು. ಅದರದ್ದೇ ಸಿ-ವಿಜಿಲ್ ಆ್ಯಪ್ ಇದೆ, 2018ರಿಂದ. ಎಲ್ಲಾದರೂ ಸೀರೆ ಹಂಚುತ್ತಿದ್ದರೆ, ದುಡ್ಡು ಹಂಚುತ್ತಿದ್ದರೆ ನಾವೇ ವಿಡಿಯೋ ಮಾಡಿ ಕಳಿಸಬಹುದು, 100 ನಿಮಿಷದಲ್ಲಿ ಕ್ರಮ ಆಗಬೇಕು. ಆದರೆ ಫೋನಿನಲ್ಲಿ ಮೊದಲೇ ಇದ್ದ ವಿಡಿಯೋ ಅದಕ್ಕೆ ಏರುವುದಿಲ್ಲ. ಆ್ಯಪ್ ಒಳಗೇ, ಆ ಜಾಗದಲ್ಲೇ ನಿಂತು ತೆಗೆಯಬೇಕು. ಜಾಗ, ಹೊತ್ತು ಎರಡೂ ತಾನಾಗಿ ದಾಖಲಾಗುತ್ತದೆ. ಯಾಕೆ ಇಷ್ಟು ಕಟ್ಟುನಿಟ್ಟು? ಕತ್ತರಿಸಿ ತಂದದ್ದನ್ನು ಸಾಕ್ಷಿ ಅಂತ ಒಪ್ಪಬಾರದು ಅಂತ. ಸಾವಿರ ರೂಪಾಯಿ ಸೀರೆಯ ದೂರಿಗೆ ಇಷ್ಟು ಎಚ್ಚರಿಕೆ. ಇಡೀ ಜಿಲ್ಲೆಯ ಮನಸ್ಸು ತಿರುಗಿಸುವ ವಿಡಿಯೋಗೆ ಮೂಲೆಯಲ್ಲಿ ಒಂದು ಹೆಸರೂ ಬೇಡ.

ನಾನು ಕೇಳುವುದು ದೊಡ್ಡದೇನಲ್ಲ. ಕರಪತ್ರಕ್ಕಿರುವ 127ಎ ಪ್ರಚಾರದ ವಿಡಿಯೋಗೂ ಬರಲಿ. ದುಡ್ಡು ತೆಗೆದುಕೊಂಡು ಮಾಡಿದ್ದರೆ ಮೂಲೆಯಲ್ಲಿ ಮಾಡಿದವರ ಹೆಸರು, ಮಾಡಿಸಿದವರ ಹೆಸರು, ಪೂರ್ತಿ ಭಾಷಣ ಎಲ್ಲಿ ಸಿಗುತ್ತದೆ ಅನ್ನೋದು. ಸ್ವಂತಕ್ಕೆ ಬೈಯುವವರು, ಹೊಗಳುವವರು ಆರಾಮಾಗಿ ಮಾಡಿಕೊಳ್ಳಲಿ, ಅವರ ತಂಟೆಗೆ ಹೋಗಬೇಕಿಲ್ಲ. ಕಳ್ಳತನದಿಂದ ಮಾಡುವವರು ಆಗಲೂ ಇರುತ್ತಾರೆ, ರಾತ್ರಿ ಪ್ಲೇಟ್ ತೊಳೆಯುವವರು ನಮ್ಮ ಪ್ರೆಸ್ಸುಗಳಲ್ಲೂ ಇದ್ದರಲ್ಲ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆ ಇಲ್ಲದೆ ಕೂತಿವೆ. ಅವು ಬಂದಾಗ ಹೋಬಳಿಗೊಂದು, ಊರಿಗೊಂದು ವಾರ್ ರೂಮ್ ಆಗುತ್ತದೆ. ಅಲ್ಲಿ ಅಮಿತ್ ಶಾ, ರಾಹುಲ್ ಗಾಂಧಿ ಇರುವುದಿಲ್ಲ. ಪಕ್ಕದ ಮನೆ ಕಾಕಾನ ಮಾತನ್ನೇ ಕತ್ತರಿಸಿ ಎದುರು ಮನೆಗೆ ಕಳಿಸುತ್ತಾರೆ. ಅದನ್ನು ತಿಳಿಗೊಳಿಸಲು ಯಾವ ಫ್ಯಾಕ್ಟ್‌ಚೆಕ್‌ನವರೂ ಬರುವುದಿಲ್ಲ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಮದುವೆ ಆಲ್ಬಮ್ ಒಂದರ ಕೆಲಸದಲ್ಲಿದ್ದ, ಮೌಸ್ ಬಿಡದೆ ಕೇಳಿಸಿಕೊಂಡ. "ಹೆಸರು ಹಾಕಾಕ ನನಗೇನು ತ್ರಾಸಿಲ್ಲ ಮಾಮಾ" ಅಂದ. "ಮದುವಿ ವಿಡಿಯೋಕ್ಕೂ ಹಾಕ್ತೀನಲ್ಲ. ಆದರ ಹೆಸರು ಹಾಕೂದಾದ್ರ ಅರ್ಧಾ ಕೆಲಸ ನಾ ತಗೊಳ್ಳಂಗಿಲ್ಲ."